ರಜೆಯ ಗಡಿ: ದೇಲಂಪಾಡಿಯಿಂದ ದಸರೆಯ ಹಾದಿ

1443ರಲ್ಲಿ ಹೆರಾತಿನ ಅರಸ ಶಾರುಖನ ರಾಯಭಾರಿಯಾಗಿದ್ದ ಅಬ್ದುಲ್ ರಜಾಕ್ ಕಲ್ಲಿಕೋಟೆಯಿಂದ ಹಡಗು ಹತ್ತಿ ಮಂಗಳೂರಿನಲ್ಲಿ ಇಳಿದು, ಘಟ್ಟವೇರಿ ವಿಜಯನಗರ ತಲುಪಿದನು. ಅಲ್ಲಿ ಅವನು ಕಂಡ ಮಹಾನವಮಿಯ ವರ್ಣನೆ ಕನ್ನಡ ನಾಡಿನ ಚರಿತ್ರೆಯನ್ನು ಓದಿದವರಿಗೆಲ್ಲ ಪರಿಚಿತ: ಸಾಲುಗಟ್ಟಿದ ಆನೆಗಳು, ಅಂತಸ್ತುಗಳುಳ್ಳ ಚಿತ್ರಿತ ಮಂಟಪಗಳು, ಹಾಡುವವರು, ಕುಣಿಯುವವರು. ಇಂದಿನ ಕಾಸರಗೋಡಿನ ಕರಾವಳಿಯ ಪಕ್ಕದಲ್ಲೇ ಸಾಗಿದ ಆ ಹಡಗಿನ ಪ್ರಯಾಣಿಕನನ್ನು ಕರಾವಳಿಯಿಂದ ಘಟ್ಟದ ಮೇಲಿನ ನಗರೋತ್ಸವಕ್ಕೆ ಹೋದ ಪ್ರೇಕ್ಷಕರ ಸಾಲಿನಲ್ಲಿ ಮೊದಲಿಗನೆಂದು ಕರೆಯುವ ಆಸೆ ಸಹಜ. ಆದರೆ ಅವನು ಬಿಡುವಿನಲ್ಲಿ ಹೋದವನಲ್ಲ. ಅರಸನ ಕರೆ ಬಂದುದರಿಂದ ಹೋದವನು. ಅವನಂತೆಯೇ ಅಲ್ಲಿ ನೆರೆದಿದ್ದ ನಾಯಕರು, ಪಾಳೆಯಗಾರರು ಸಹ ಕಪ್ಪಕಾಣಿಕೆ ಮತ್ತು ಸೈನ್ಯದೊಡನೆ ಹಾಜರಾಗಲೇಬೇಕಾದವರು. ಮಹಾನವಮಿಯ ಪ್ರೇಕ್ಷಕತ್ವ ಒಂದು ಕರ್ತವ್ಯವಾಗಿತ್ತು.

ನಗರದ ಉತ್ಸವವನ್ನು ನೋಡಲು ಹೋಗುವುದು ಕರ್ತವ್ಯದಿಂದ ವಿರಾಮಕ್ಕೆ ದಾಟಿದ್ದು ಯಾವಾಗ, ಹಾಗೆ ದಾಟಿದ ಮೇಲೆ ಆ ವಿರಾಮವನ್ನು ಹಂಚುವವರು ಯಾರು ಎಂಬ ಪ್ರಶ್ನೆಗಳನ್ನು ಒಂದು ಗಡಿಗ್ರಾಮದ ನೆಲೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಗ್ರಾಮ ದೇಲಂಪಾಡಿ. ಇಂದು ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿರುವ, ಕರ್ನಾಟಕದ ಸುಳ್ಯ ಮತ್ತು ಪುತ್ತೂರಿನ ಸೀಮೆಗೆ ಹೊಂದಿಕೊಂಡಿರುವ ಊರು. ಉತ್ಸವ ಮುಖ್ಯವಾಗಿ ಮೈಸೂರಿನ ದಸರೆ. ಗಡಿನಾಡಿನ ಭಾಷಾಪ್ರಶ್ನೆಯ ಕುರಿತು ಬಂದಿರುವ ಬರಹಗಳು ಶಾಲೆಯ ಮಾಧ್ಯಮ, ಕಚೇರಿಯ ಅರ್ಜಿ, ಅಧ್ಯಾಪಕರ ನೇಮಕಾತಿಗಳನ್ನು ವಿವರವಾಗಿ ಚರ್ಚಿಸಿವೆ. ರಜೆಯ ಪಟ್ಟಿಯನ್ನು ಅವು ಗಂಭೀರವಾಗಿ ನೋಡಿದಂತೆ ಕಾಣುವುದಿಲ್ಲ. 1956ರ ಗಡಿ ನೆಲವನ್ನು ಬೇರ್ಪಡಿಸಿದಷ್ಟೇ ಖಚಿತವಾಗಿ ಪಂಚಾಂಗವನ್ನೂ ಬೇರ್ಪಡಿಸಿತು ಎಂಬುದು ಇಲ್ಲಿನ ವಾದ.

ಪದಗಳಿಂದಲೇ ತೊಡಗಬಹುದು. ಕನ್ನಡದ ‘ರಜೆ’ ಅರಬಿ ಮೂಲದ್ದು. ಮರಾಠಿಯ ಆಡಳಿತ ಭಾಷೆಯ ಮೂಲಕ ನಮಗೆ ಬಂದದ್ದು. ಅದರ ಮೂಲಾರ್ಥ ಸಮ್ಮತಿ, ಒಪ್ಪಿಗೆ. ಮೇಲಿನವರು ಒಪ್ಪಿದರೆ ಮಾತ್ರ ದೊರೆಯುವ ಬಿಡುವು ಎಂಬ ನೆನಪು ಪದದೊಳಗೆ ಉಳಿದಿದೆ. ಮಲಯಾಳದಲ್ಲಿ ಇದೇ ಅರ್ಥಕ್ಕೆ ‘ಅವಧಿ’ ಎನ್ನುತ್ತಾರೆ. ಕನ್ನಡಿಗನಿಗೆ ಅವಧಿಯೆಂದರೆ ಕಾಲದ ಮಿತಿ. ಹೀಗಾಗಿ ದೇಲಂಪಾಡಿಯ ಶಾಲೆಯಲ್ಲಿ ಒಂದೇ ಸುತ್ತೋಲೆ ಒಬ್ಬ ಅಧ್ಯಾಪಕನಿಗೆ ಒಪ್ಪಿಗೆಯಾಗಿಯೂ ಪಕ್ಕದ ಕೋಣೆಯವನಿಗೆ ಮಿತಿಯಾಗಿಯೂ ಕೇಳಿಸುತ್ತದೆ. ಇದು ಕೇವಲ ಪದವಿನೋದವೆಂದು ತಳ್ಳಿಹಾಕಬೇಕಿಲ್ಲ. ಮುಂದೆ ಬರುವ ವಿಷಯಕ್ಕೆ ಎರಡೂ ಅರ್ಥಗಳು ಬೇಕಾಗುತ್ತವೆ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆ, 1799ರ ಅನಂತರ ಮೈಸೂರಿಗೆ ಬಂದ ಮೇಲೆಯೂ ಬಹುಕಾಲ ವಿಜಯನಗರದ ಮಾದರಿಯ ದರ್ಬಾರೇ ಆಗಿತ್ತು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯರಂಥವರ ಸಂಗೀತ ಅರಮನೆಯ ಒಳಗಿನ ಆಹ್ವಾನಿತರಿಗೆ ಮೀಸಲಾದ ಸೌಭಾಗ್ಯ. ಬದಲಾವಣೆಯ ಮೊದಲ ಸುಳಿವನ್ನು ನಾನು ಕಲೆಯ ಚರಿತ್ರೆಯಲ್ಲಿ ಕಾಣುವುದಿಲ್ಲ. ಆಡಳಿತದ ಚರಿತ್ರೆಯಲ್ಲಿ ಕಾಣುತ್ತೇನೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಯು ದಸರೆಯ ಹೊತ್ತಿಗೇ ಮೈಸೂರಿನಲ್ಲಿ ಸೇರುತ್ತಿತ್ತು. ಸಂಸ್ಥಾನದ ಮೂಲೆಮೂಲೆಗಳಿಂದ ಬಂದ ಜಮೀನುದಾರರು, ವರ್ತಕರು ಸಭೆ ಮುಗಿಸಿ ಉತ್ಸವ ನೋಡಿ ಊರಿಗೆ ಮರಳಿದರು. ಸುಮಾರು ಅದೇ ಹೊತ್ತಿನಲ್ಲಿ ಬೆಂಗಳೂರಿನ ರೈಲು ಮೈಸೂರನ್ನು ಮುಟ್ಟಿತು. ಕೃಷಿ ಮತ್ತು ಕೈಗಾರಿಕೆಗಳ ವಸ್ತುಪ್ರದರ್ಶನ ದಸರೆಗೆ ಸೇರಿಕೊಂಡಿತು. ಅರಮನೆಯ ಆಹ್ವಾನವಿಲ್ಲದವನೂ ದಸರೆಗೆಂದು ನಗರಕ್ಕೆ ಹೋಗಲು ಒಂದು ಕಾರಣ ದೊರೆಯಿತು. ಶಾಲೆ, ಕೋರ್ಟು, ಕಚೇರಿಗಳು ಬಾಗಿಲು ಹಾಕುವ ದಿನಗಳಲ್ಲಿ ಸಂಸಾರ ಸಮೇತ ಊರು ಬಿಡಬಲ್ಲ ಹೊಸ ವರ್ಗವೊಂದು ರೂಪುಗೊಂಡಿತು. ರಜೆಯ ಪ್ರೇಕ್ಷಕ ಹುಟ್ಟಿದ್ದು ಇಲ್ಲಿ.

ಈ ಪ್ರೇಕ್ಷಕನ ಕರಾವಳಿಯ ರೂಪ ಹೇಗಿತ್ತೆಂದು ತಿಳಿಯಬೇಕಾದರೆ ದೇಲಂಪಾಡಿಯಂಥ ಊರಿನ ವರ್ಷಚಕ್ರವನ್ನು ನೋಡಬೇಕು. ತುಳುನಾಡಿನಲ್ಲಿ ನೇಮ, ಕೋಲ, ಜಾತ್ರೆ, ಯಕ್ಷಗಾನಗಳಿಗೆ ಒಂದು ನಿರ್ದಿಷ್ಟ ಋತುವಿದೆ. ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ದೈವಗಳ ಭಂಡಾರ ಒಳಸೇರುತ್ತದೆ. ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಹೊರಡುವುದು ದೀಪಾವಳಿಯ ಆಸುಪಾಸಿನಲ್ಲಿ. ನಡುವಣ ಮಳೆಗಾಲಕ್ಕೆ ಉಳಿಯುವುದು ಚಾವಡಿಯ ತಾಳಮದ್ದಳೆ ಮಾತ್ರ. ನವರಾತ್ರಿ ಬರುವುದು ಈ ಮೌನದ ತುದಿಯಲ್ಲಿ. ಊರಿನ ಬಯಲಾಟ ಇನ್ನೂ ತೊಡಗಿರುವುದಿಲ್ಲ, ಮಳೆ ಇಳಿಯುತ್ತ ಬಂದಿರುತ್ತದೆ, ಹಾದಿ ನಡೆಯುವಂತಾಗಿರುತ್ತದೆ. ನಗರದ ಉತ್ಸವವು ಹಳ್ಳಿಯ ಉತ್ಸವದ ಖಾಲಿ ಜಾಗದಲ್ಲಿ ಕುಳಿತುಕೊಳ್ಳುತ್ತಿತ್ತು. ಎರಡರ ನಡುವೆ ಪೈಪೋಟಿಯಿರಲಿಲ್ಲ.

ಆದರೆ ಇದೂ ಎಲ್ಲರ ಪಾಲಿನ ಮಾತಲ್ಲ. ಏಣಿಲು ಬೆಳೆಯ ಕೊಯ್ಲು ಬೀಳುವುದು ಸುಮಾರಾಗಿ ಇದೇ ಹೊತ್ತಿಗೆ. ಗದ್ದೆಯಲ್ಲಿ ಕತ್ತಿ ಹಿಡಿದವನಿಗೆ ನವರಾತ್ರಿ ಬಿಡುವಿನ ಕಾಲವಲ್ಲ, ಆಟಿಯ ಹಸಿವನ್ನು ದಾಟಿ ಬಂದ ಮೇಲೆ ಕೂಲಿ ಸಿಗುವ ಕಾಲ. ಅಡಕೆಯ ತೋಟವುಳ್ಳವನು, ಅಧ್ಯಾಪಕ, ಶ್ಯಾನುಭೋಗ, ವಕೀಲನ ಗುಮಾಸ್ತ—ಇಂಥವರಷ್ಟೇ ರಜೆಯೆಂಬ ಮಾತನ್ನು ಅದರ ಹೊಸ ಅರ್ಥದಲ್ಲಿ ಬಳಸಬಲ್ಲವರಾಗಿದ್ದರು. ‘ಗಡಿನಾಡ ಕನ್ನಡಿಗರು ಮೈಸೂರು ದಸರೆಗೆ ಹೋಗುತ್ತಿದ್ದರು’ ಎಂದು ಸಭೆಗಳಲ್ಲಿ ಕೇಳಿಬರುವ ವಾಕ್ಯದ ಕರ್ತೃಪದವನ್ನು ಈ ಮಟ್ಟಿಗೆ ಕಿರಿದುಗೊಳಿಸಿಕೊಂಡೇ ಓದಬೇಕು.

ಇನ್ನು ಹಾದಿ. ಕಾಸರಗೋಡಿನಿಂದ ಚೆರ್ಕಳ, ಮುಳ್ಳೇರಿಯಗಳನ್ನು ಹಾದು ಜಾಲ್ಸೂರಿಗೆ ಬರುವ ರಸ್ತೆ ಅಲ್ಲಿ ಮಾಣಿ–ಮೈಸೂರು ಹೆದ್ದಾರಿಯನ್ನು ಸೇರುತ್ತದೆ. ಮುಂದೆ ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ, ಕುಶಾಲನಗರ, ಮೈಸೂರು. ದೇಲಂಪಾಡಿಯ ಸೀಮೆ ಈ ದಾರಿಯ ಮೊದಲ ಘಟ್ಟದಲ್ಲೇ ಇದೆ. ಪಯಸ್ವಿನಿ ಕೊಡಗಿನಿಂದ ಇಳಿದು ಬರುವುದೂ ಇದೇ ದಿಕ್ಕಿನಿಂದ. ಕರಾವಳಿಯ ರೈಲು 1907ರಲ್ಲಿ ಮಂಗಳೂರನ್ನು ಮುಟ್ಟಿದರೂ ಅದು ಈ ಜನರನ್ನು ಕಲ್ಲಿಕೋಟೆಗೂ ಮದರಾಸಿಗೂ ಒಯ್ಯುವ ರೈಲು. ಮಂಗಳೂರಿನಿಂದ ಹಾಸನಕ್ಕೆ ಘಾಟಿಯ ಹಳಿ ಪೂರ್ಣಗೊಂಡದ್ದು 1979ರಲ್ಲಿ. ಆದುದರಿಂದ ಇಪ್ಪತ್ತನೆಯ ಶತಮಾನದ ಬಹುಭಾಗ ಮೈಸೂರು ದಸರೆಯೆಂದರೆ ಈ ಸೀಮೆಯವರಿಗೆ ಘಾಟಿಯ ರಸ್ತೆಯೇ.

ಸ್ವಾತಂತ್ರ್ಯಪೂರ್ವದಲ್ಲಿ ಆ ರಸ್ತೆಯಲ್ಲಿ ಹೊರಟವನು ಮೂರು ಆಡಳಿತಗಳನ್ನು ಹಾಯುತ್ತಿದ್ದನು. ದೇಲಂಪಾಡಿಯಿಂದ ಸುಳ್ಯದವರೆಗೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಘಾಟಿಯಲ್ಲಿ ಕೊಡಗು, ಬ್ರಿಟಿಷ್ ಚೀಫ್ ಕಮಿಷನರರ ಪ್ರಾಂತ್ಯ. ಆಗ ಫ್ರೇಸರ್‌ಪೇಟೆ ಎನಿಸಿಕೊಂಡಿದ್ದ ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಮೈಸೂರು ಸಂಸ್ಥಾನ. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ಈ ದಾರಿಯ ಮೇಲಿನ ಎರಡು ಗಡಿಗಳು—ಸಂಪಾಜೆಯದೂ ಕಾವೇರಿಯದೂ—ಒಂದೇ ದಿನದಲ್ಲಿ ಅಳಿದುಹೋದವು. ಅದೇ ದಿನ ಹಾದಿಯ ಮೊದಲ ಹೆಜ್ಜೆಯಲ್ಲಿ ಹೊಸದೊಂದು ಹುಟ್ಟಿತು. ದೇಲಂಪಾಡಿಯವನಿಗೆ ಏಕೀಕರಣವು ಮೈಸೂರನ್ನು ಹತ್ತಿರ ತಂದು ಸುಳ್ಯವನ್ನು ಹೊರರಾಜ್ಯವಾಗಿಸಿತು.

ಮೈಸೂರೊಂದೇ ದಸರೆಯಾಗಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಒಡೆಯರ ಆಳ್ವಿಕೆಗೆ ಹೊರತಾದ ಕನ್ನಡ ಸೀಮೆಗಳಲ್ಲಿ ನವರಾತ್ರಿಯನ್ನು ‘ನಾಡಹಬ್ಬ’ವಾಗಿ ಆಚರಿಸುವ ಪರಿಪಾಠ ಏಕೀಕರಣ ಚಳವಳಿಯ ಜೊತೆಜೊತೆಗೆ ಬೆಳೆಯಿತು. ದಕ್ಷಿಣ ಕನ್ನಡದಲ್ಲಿ ಅದಕ್ಕೆ ಗಟ್ಟಿಯಾದ ರೂಪ ಕೊಟ್ಟದ್ದು ಪುತ್ತೂರು. ಶಿವರಾಮ ಕಾರಂತರು ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಬೆಂಬಲದೊಡನೆ 1930ರ ದಶಕದಲ್ಲಿ ಅಲ್ಲಿ ನಡೆಸಿದ ದಸರಾ ನಾಡಹಬ್ಬದಲ್ಲಿ ಅರಸನಿರಲಿಲ್ಲ, ಅಂಬಾರಿಯಿರಲಿಲ್ಲ. ಉಪನ್ಯಾಸ, ಸಂಗೀತ, ನಾಟಕ, ನೃತ್ಯಗಳಿದ್ದವು. ದರ್ಬಾರಿನಿಂದ ಬೇರ್ಪಟ್ಟ ದಸರೆಯ ಕಲ್ಪನೆಯಿದು. ಮೈಸೂರು ಆ ಸ್ಥಿತಿಗೆ ಬಂದದ್ದು ರಾಜವಂಶಸ್ಥರ ಜಂಬೂ ಸವಾರಿ ನಿಂತು ಅಂಬಾರಿಯಲ್ಲಿ ಚಾಮುಂಡೇಶ್ವರಿಯ ವಿಗ್ರಹ ಕುಳಿತ 1970ರ ದಶಕದಲ್ಲಿ. ಹಾಗೆ ನೋಡಿದರೆ ಸಣ್ಣ ಪೇಟೆ ರಾಜಧಾನಿಗಿಂತ ನಾಲ್ಕು ದಶಕ ಮುಂದಿತ್ತು. ದೇಲಂಪಾಡಿಯಿಂದ ಪುತ್ತೂರು ದೂರವೂ ಅಲ್ಲ. ಒಂದೇ ಜಿಲ್ಲೆ, ಒಂದೇ ಜಿಲ್ಲಾ ಆಡಳಿತ, ಒಂದೇ ರಜೆಯ ಪಟ್ಟಿ. ಪುತ್ತೂರಿನಲ್ಲಿ ಶಾಲೆಗೆ ಬೀಗ ಬಿದ್ದ ದಿನ ಕಾಸರಗೋಡಿನಲ್ಲೂ ಬೀಳುತ್ತಿತ್ತು.

ಊರು ಬರಿಯ ಪ್ರೇಕ್ಷಕರ ಊರೂ ಆಗಿರಲಿಲ್ಲ. ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ಮಾಸ್ತರ್ ವಿಷ್ಣು ಭಟ್ಟರು ಕಟ್ಟಿದ ಗೋಪಾಲಕೃಷ್ಣ ಯಕ್ಷಗಾನ ಕಲಾಸಂಘವನ್ನು ತೆಂಕುತಿಟ್ಟಿನ ಅಭ್ಯಾಸಿಗಳು ಬಲ್ಲರು. ಪ್ರಸಂಗಕರ್ತರೂ ಅರ್ಥಧಾರಿಗಳೂ ಆಗಿದ್ದ ಅವರ ಹೆಸರಿಗೆ ‘ಮಾಸ್ತರ್’ ಎಂಬುದು ಬಿಡಿಸಲಾಗದಂತೆ ಅಂಟಿಕೊಂಡದ್ದು ಆಕಸ್ಮಿಕವಲ್ಲ. ಈ ಸೀಮೆಯಲ್ಲಿ ಶಾಲೆಗೂ ಚಾವಡಿಗೂ ನಡುವಣ ದಾರಿ ಚಿಕ್ಕದು. ಹಗಲು ಪಾಠ ಹೇಳಿದವರೇ ರಾತ್ರಿ ಅರ್ಥ ಹೇಳುತ್ತಿದ್ದರು. ಶಾಲೆಯ ಕಾಲಗಣನೆ ಬದಲಾದರೆ ಕಲೆಯ ಕಾಲಗಣನೆ ಅಲುಗಾಡುವುದು ಅನಿವಾರ್ಯ.

ಹಾಗೆ ಬದಲಾದದ್ದು 1956ರ ಅನಂತರ. ಕಾಸರಗೋಡು ತಾಲೂಕು ಮೊದಲು ಮಲಬಾರಿಗೆ, 1957ರ ಜನವರಿಯಿಂದ ಕಣ್ಣೂರು ಜಿಲ್ಲೆಗೆ ಸೇರಿತು. ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿದ್ದು, ಅದು ಜಾರಿಯಾಗದೆ ಹೋದದ್ದು ಎಲ್ಲರೂ ಬಲ್ಲ ಸಂಗತಿ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಅಷ್ಟು ಚರ್ಚೆಗೊಳಗಾಗದ ಒಂದು ದಾಖಲೆಯಿದೆ. ಸಾರ್ವಜನಿಕ ರಜೆಗಳನ್ನು ಘೋಷಿಸುವ ಅಧಿಕಾರ 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯ 25ನೆಯ ಕಲಮಿನಲ್ಲಿ ಅಡಗಿದೆ. ಹುಂಡಿ–ಚೆಕ್ಕುಗಳು ಯಾವ ದಿನ ಪಾವತಿಗೆ ಬರುತ್ತವೆ ಎಂದು ನಿರ್ಣಯಿಸಲು ಮಾಡಿದ ಈ ವ್ಯಾಪಾರಿ ಕಾನೂನೇ ನಮ್ಮ ಹಬ್ಬಗಳನ್ನೂ ನಿಯಂತ್ರಿಸುತ್ತದೆ. ಆ ಅಧಿಕಾರವನ್ನು ಕೇಂದ್ರ ಗೃಹಮಂತ್ರಾಲಯ 1957ರ ಜೂನ್ ತಿಂಗಳ ಅಧಿಸೂಚನೆಯ ಮೂಲಕ ರಾಜ್ಯ ಸರಕಾರಗಳಿಗೆ ವಹಿಸಿಕೊಟ್ಟಿತು. ಇಂದಿಗೂ ರಜೆಯ ಆದೇಶಗಳ ತಲೆಯಲ್ಲಿ ಆ ಅಧಿಸೂಚನೆಯ ಉಲ್ಲೇಖ ಕಾಣಸಿಗುತ್ತದೆ. ಭಾಷಾವಾರು ರಾಜ್ಯಗಳು ಹುಟ್ಟಿ ಏಳು ತಿಂಗಳು ಕಳೆಯುತ್ತಲೇ ಪ್ರತಿಯೊಂದು ರಾಜ್ಯವೂ ತನ್ನದೇ ಪಂಚಾಂಗದ ಒಡೆಯನಾಯಿತು.

ಕೇರಳವು 1961ರಲ್ಲಿ ಓಣಂ ಹಬ್ಬವನ್ನು ತನ್ನ ನಾಡಹಬ್ಬವಾಗಿ ಸ್ವೀಕರಿಸಿತು. ಶಾಲೆಗಳಿಗೆ ಓಣಂ ರಜೆ ಸುಮಾರು ಹತ್ತು ದಿನ, ಕ್ರಿಸ್ಮಸ್ ರಜೆ ಅಷ್ಟೇ. ನವರಾತ್ರಿಗೆ ಸಿಗುವುದು ಪೂಜೆಯ ಕೊನೆಯ ಎರಡು ಮೂರು ದಿನ. ಕರ್ನಾಟಕದಲ್ಲಿ ಅರ್ಧವಾರ್ಷಿಕ ರಜೆಯೇ ದಸರೆಯ ರಜೆ. ಅದು ವಾರಗಟ್ಟಲೆ ನಡೆಯುತ್ತದೆ. ಪಯಸ್ವಿನಿಯ ಆ ದಡದ ಮಗು ಅಕ್ಟೋಬರಿನಲ್ಲಿ ಅಜ್ಜನಮನೆಯಲ್ಲಿರುವಾಗ ಈ ದಡದ ಮಗು ತರಗತಿಯಲ್ಲಿರುತ್ತದೆ. ಓಣಂ ಹೊತ್ತಿಗೆ ಸ್ಥಿತಿ ತಿರುಗುಮುರುಗು. ಒಂದೇ ಕುಟುಂಬದ ಎರಡು ಕವಲುಗಳು ಗಡಿಯ ಎರಡೂ ಕಡೆ ಹರಡಿರುವ ಈ ಸೀಮೆಯಲ್ಲಿ, ಸೋದರಸಂಬಂಧಿಗಳ ರಜೆಗಳು ಒಂದಕ್ಕೊಂದು ಕೂಡುವುದು ಬೇಸಗೆಯಲ್ಲಿ ಮಾತ್ರ. ನವೆಂಬರ್ 1ರ ವಿಷಯವಂತೂ ಇನ್ನೂ ವಿಚಿತ್ರ. ಅದು ಕರ್ನಾಟಕದಲ್ಲಿ ರಾಜ್ಯೋತ್ಸವದ ರಜೆ. ಕೇರಳದಲ್ಲಿ ಅದೇ ದಿನ ಕೇರಳಪ್ಪಿರವಿ. ಆದರೆ ಸಾರ್ವಜನಿಕ ರಜೆಯಲ್ಲ. ಎರಡು ರಾಜ್ಯಗಳ ಜನ್ಮದಿನವಾದ ಒಂದೇ ದಿನ ಜಾಲ್ಸೂರಿನಲ್ಲಿ ಬಿಡುವು, ದೇಲಂಪಾಡಿಯಲ್ಲಿ ಹಾಜರಿ.

ಇದರಿಂದ ದಸರೆಗೆ ಹೋಗುವುದು ನಿಂತಿತೆ? ನಿಲ್ಲಲಿಲ್ಲ. ಆದರೆ ಹೋದವರು ಕಂಡದ್ದು ಬದಲಾಯಿತು, ಮತ್ತು ಚರಿತ್ರೆಯ ದೃಷ್ಟಿಯಿಂದ ಇದೇ ಹೆಚ್ಚು ಗಮನಾರ್ಹ. ಮೈಸೂರು ದಸರೆಯ ಸಂಗೀತ ಹರಡಿಕೊಂಡಿರುವುದು ಪಾಡ್ಯದಿಂದ ತೊಡಗುವ ಸಂಜೆಗಳಲ್ಲಿ. ಅರಮನೆಯ ಮುಂದಣ ವೇದಿಕೆಯ ಕಛೇರಿಗಳು, ಜಗನ್ಮೋಹನ ಅರಮನೆಯ ನಾಟಕ–ನೃತ್ಯಗಳು, ಯುವ ದಸರಾ, ಎಲ್ಲವೂ ಮೊದಲ ಎಂಟು ದಿನಗಳ ಮಾತು. ವಿಜಯದಶಮಿಯಂದು ಉಳಿಯುವುದು ಜಂಬೂ ಸವಾರಿ, ಬನ್ನಿಮಂಟಪದ ಪಂಜಿನ ಕವಾಯತು, ದೀಪಾಲಂಕಾರ. ಮಹಾನವಮಿ–ವಿಜಯದಶಮಿಗಳ ಬಿಡುವನ್ನಷ್ಟೇ ಹಿಡಿದು ಹೊರಟ ಗಡಿನಾಡಿನ ಕುಟುಂಬ ಆನೆಯನ್ನು ನೋಡುತ್ತದೆ, ಆಲಾಪನೆಯನ್ನು ಕೇಳುವುದಿಲ್ಲ. ಏಳುನೂರೈವತ್ತು ಕಿಲೋ ತೂಕದ ಅಂಬಾರಿಯ ನೆನಪು ಈ ಊರುಗಳಲ್ಲಿ ಮನೆಮನೆಗೂ ಇದೆ. ಅರಮನೆಯ ಅಂಗಳದಲ್ಲಿ ಕೇಳಿದ ಒಂದು ರಾಗದ ನೆನಪು ಅಪರೂಪ. ಇದನ್ನು ಅಭಿರುಚಿಯ ಕೊರತೆಯೆಂದು ಬರೆದವರಿದ್ದಾರೆ. ಅಭಿರುಚಿಗೂ ಹಾಜರಿಪಟ್ಟಿಗೂ ಇರುವ ಸಂಬಂಧವನ್ನು ಅವರು ಗಮನಿಸಿದಂತಿಲ್ಲ.

ಹಾದಿಯ ನಡುವಣ ಊರುಗಳು ಇದರ ಲಾಭ ಪಡೆದವು. ವಿಜಯದಶಮಿಯ ಒಂದೇ ರಾತ್ರಿಯಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು ಬೀದಿಗಿಳಿಯುವ ಮಡಿಕೇರಿ ದಸರೆ, ಒಂದು ದಿನದ ರಜೆಯವರಿಗೆಂದೇ ರೂಪಿಸಿದಂತಿದೆ. ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ 1990ರ ದಶಕದ ಆರಂಭದಿಂದ ಬೆಳೆದ ಮಂಗಳೂರು ದಸರೆ, ಹುಲಿವೇಷ ಮತ್ತು ಸ್ತಬ್ಧಚಿತ್ರಗಳೊಡನೆ, ಕಾಸರಗೋಡಿನಿಂದ ಸಂಜೆ ಹೋಗಿ ಬೆಳಗಿನ ರೈಲಿಗೆ ಮರಳಬಹುದಾದಷ್ಟು ಸಮೀಪ. ಆ ದೇವಸ್ಥಾನವನ್ನು 1912ರಲ್ಲಿ ಪ್ರತಿಷ್ಠಾಪಿಸಿದವರು ಕೇರಳದ ನಾರಾಯಣ ಗುರುಗಳು ಎಂಬುದನ್ನು ನೆನೆದರೆ, ಉತ್ಸವಗಳ ಭೂಗೋಳ ರಾಜ್ಯಗಳ ಭೂಗೋಳಕ್ಕೆ ಹೊಂದಿಕೊಳ್ಳುವುದಿಲ್ಲವೆಂದು ತಿಳಿಯುತ್ತದೆ. ನವರಾತ್ರಿಯಲ್ಲಿ ಮಲಯಾಳಿ ಕುಟುಂಬಗಳು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಕೊಲ್ಲೂರಿಗೆ ಹೋಗುವ ಎದುರು ಪ್ರವಾಹವೂ ಇದೇ ಹಳಿಯ ಮೇಲೆ ಸಾಗುತ್ತದೆ.

ಇಷ್ಟರಲ್ಲಿ ನಗರದ ಕಲೋತ್ಸವಕ್ಕೆ ಹೋಗುವ ಬೇರೊಂದು ದಾರಿ ದಕ್ಷಿಣಕ್ಕೆ ತೆರೆದುಕೊಂಡಿತ್ತು. 1957ರ ಜನವರಿಯಲ್ಲಿ ಎರ್ನಾಕುಳಂನಲ್ಲಿ ಕೇರಳದ ಶಾಲಾ ಯುವಜನೋತ್ಸವ ಮೊದಲ ಸಲ ನಡೆಯಿತು. ಕಾಸರಗೋಡು ಕೇರಳವಾಗಿ ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಇಂದು ಕೇರಳ ಶಾಲಾ ಕಲೋತ್ಸವವೆನಿಸಿರುವ ಇದು ವರ್ಷಕ್ಕೊಂದು ನಗರದಲ್ಲಿ ಸೇರುತ್ತದೆ. 1991ರಲ್ಲಿ ಕಾಸರಗೋಡಿಗೆ, 2019ರಲ್ಲಿ ಕಾಞಂಗಾಡಿಗೆ ಅದು ಬಂದಿತ್ತು. ಇದರ ಸ್ಪರ್ಧೆಗಳಲ್ಲಿ ಯಕ್ಷಗಾನವಿದೆ, ಕನ್ನಡ ಪದ್ಯವಾಚನವಿದೆ, ಕನ್ನಡ ಭಾಷಣವಿದೆ. ಶಾಲೆಯಿಂದ ಉಪಜಿಲ್ಲೆಗೆ, ಅಲ್ಲಿಂದ ಜಿಲ್ಲೆಗೆ, ಗೆದ್ದರೆ ಐನೂರು ಕಿಲೋಮೀಟರಿಗೂ ದೂರದ ಕೊಲ್ಲಂ, ತಿರುವನಂತಪುರಗಳಿಗೆ ಮಕ್ಕಳು ಹೋಗುತ್ತಾರೆ. ಇಲ್ಲಿ ರಜೆಯ ಪ್ರಶ್ನೆಯೇ ಏಳುವುದಿಲ್ಲ, ಶಾಲೆಯೇ ಹೊರಡುತ್ತದೆ. ತೋಟವಿಲ್ಲದ ಮನೆಯ ಮಗುವಿಗೂ ಈ ಪ್ರಯಾಣ ದಕ್ಕಬಹುದು ಎಂಬುದು ಹಳೆಯ ದಸರೆಯ ಪ್ರಯಾಣಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ. ಮಾತ್ರವಲ್ಲ, ಅದು ಪ್ರೇಕ್ಷಕನಾಗಿ ಹೋಗುವುದಿಲ್ಲ. ವೇಷ ಕಟ್ಟಿ ಹೋಗುತ್ತದೆ.

ನಮ್ಮ ಸಂಶೋಧಕರಲ್ಲಿ ಹಲವರಿಗೆ ಈ ಮಾತು ಹಿತವೆನಿಸದು. ಆದರೂ ಹೇಳಬೇಕು: ಕಾಸರಗೋಡಿನ ಕನ್ನಡ ಮಗುವಿಗೆ ಮೈಸೂರಿನ ಉತ್ಸವ ಒಂದು ಆಸನವನ್ನು ಕೊಟ್ಟಿದೆ, ಕೇರಳದ ಉತ್ಸವ ಒಂದು ರಂಗಸ್ಥಳವನ್ನು ಕೊಟ್ಟಿದೆ. ಗಡಿನಾಡಿನ ಕಲಾವಿದರಿಗೆ ಕರ್ನಾಟಕದಿಂದ ಆಹ್ವಾನಗಳು ಬಾರದೆ ಇಲ್ಲ, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ನೆರವಿನ ಕಾರ್ಯಕ್ರಮಗಳೂ ಇವೆ. ಆದರೆ ಅವು ವಯಸ್ಕರಿಗೆ, ಹೆಸರು ಪಡೆದವರಿಗೆ. ಪ್ರತಿ ವರ್ಷವೂ, ಪ್ರತಿ ಶಾಲೆಗೂ, ನಿಯಮಾವಳಿಯ ಬಲದಿಂದ ತೆರೆದಿರುವ ಬಾಗಿಲು ದಕ್ಷಿಣದ್ದೇ.

ಆ ಬಾಗಿಲಿಗೂ ಸುಂಕವಿದೆ. ರಾತ್ರಿಯಿಡೀ ಬೆಳೆಯಬೇಕಾದ ಪ್ರಸಂಗ ನಿಗದಿತ ನಿಮಿಷಗಳಿಗೆ ಇಳಿಯುತ್ತದೆ. ಪ್ರವೇಶ, ಪ್ರಯಾಣ ಕುಣಿತ, ಯುದ್ಧ, ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಅರ್ಥಗಾರಿಕೆಗೆ, ಅಂದರೆ ಭಾಷೆಗೆ, ಉಳಿಯುವ ಹೊತ್ತು ಅತ್ಯಲ್ಪ. ವೃತ್ತಿಮೇಳಗಳೂ ಕಾಲಮಿತಿಗೆ ಒಲಿದಿರುವಾಗ ಮಕ್ಕಳ ಆಟವನ್ನು ಮಾತ್ರ ದೂರುವುದು ನ್ಯಾಯವಲ್ಲ ನಿಜ. ಆದರೆ ಕಲೋತ್ಸವದಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಕೋಝಿಕ್ಕೋಡು, ತ್ರಿಶೂರು ಮೊದಲಾದೆಡೆಯ ಶಾಲೆಗಳು ಕಾಸರಗೋಡಿನ ಗುರುಗಳನ್ನು ಕರೆಸಿ ತಂಡ ಕಟ್ಟುತ್ತವೆ. ಕನ್ನಡದ ಒಂದಕ್ಷರವನ್ನೂ ಅರಿಯದ ಮಕ್ಕಳು ಮಲಯಾಳ ಲಿಪಿಯಲ್ಲಿ ಬರೆದುಕೊಂಡ ಮಾತುಗಳನ್ನು ಕಂಠಪಾಠ ಮಾಡಿ, ಒಮ್ಮೊಮ್ಮೆ ಬೆರಗುಗೊಳಿಸುವಷ್ಟು ಸ್ಫುಟವಾಗಿ, ಒಪ್ಪಿಸುತ್ತಾರೆ. ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಇದು ಅಪೂರ್ವವಾದ ಸಾಮಗ್ರಿ: ಮಾತನಾಡುವವರಿಲ್ಲದ ಊರಿನಲ್ಲಿ ಒಂದು ಭಾಷೆ ಶ್ರೇಣಿ ಪಡೆಯುತ್ತದೆ, ಅಂಕವಾಗುತ್ತದೆ. ಗಡಿನಾಡಿನ ಕಲೆ ನಾಡಿನುದ್ದಕ್ಕೂ ಹರಡಿತೆಂದು ಸಂತೋಷಪಡಬಹುದು. ಕಲೆಯಿಂದ ಭಾಷೆ ಕಳಚಿ ಬರಿಯ ನಾದವಾಯಿತೆಂದು ವ್ಯಥೆಪಡಲೂಬಹುದು. ತಾಳಮದ್ದಳೆಯ ಪರಂಪರೆಯುಳ್ಳ ಬನಾರಿಯ ಕಡೆಯಿಂದ ನೋಡುವವನಿಗೆ ಎರಡನೆಯದು ಸುಲಭವಾಗಿ ಕಾಣುತ್ತದೆ.

2025ರ ಜನವರಿಯಲ್ಲಿ ತಿರುವನಂತಪುರದ ಕಲೋತ್ಸವದಲ್ಲಿ ಬುಡಕಟ್ಟು ಕಲೆಗಳಿಗೆ ಮೊದಲ ಬಾರಿಗೆ ಸ್ಥಾನ ದೊರೆತಾಗ ಕಾಸರಗೋಡಿನ ಮಾವಿಲ ಮತ್ತು ಮಲವೆಟ್ಟುವ ಸಮುದಾಯಗಳ ಮಂಗಲಂಕಳಿ ಅವುಗಳಲ್ಲೊಂದಾಗಿತ್ತು. ಮದುವೆಯ ಚಪ್ಪರದ ಆ ಕುಣಿತದ ಹಾಡುಗಳಲ್ಲಿ ತುಳು ಮಾತುಗಳಿವೆ. ಯಾವ ದಸರೆಯ ರಜೆಯಲ್ಲೂ ಪಾಲಿಲ್ಲದಿದ್ದ ಜನರ ಭಾಷೆ ರಾಜಧಾನಿಯ ವೇದಿಕೆಯನ್ನು ಏರಿದ್ದು ಹೀಗೆ, ಸ್ಪರ್ಧೆಯ ಒಂದು ವಿಭಾಗವಾಗಿ.

ರಾಜ್ಯಗಳನ್ನು ಪುನರ್ರಚಿಸಿದ ಅದೇ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿತು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ, ಎರಡನೆಯದು ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಗೆ ಸಂಬಂಧಿಸಿದ್ದು. ಭಾಷೆಯನ್ನು ತರಗತಿಯ ಹೊತ್ತಿನೊಳಗೆ ಕಾಪಾಡಬೇಕೆಂಬ ಕಲ್ಪನೆ ಅಲ್ಲಿದೆ. ತರಗತಿಯಿಲ್ಲದ ಹೊತ್ತಿನ ಕಲ್ಪನೆ ಇಲ್ಲ. ಆದರೆ ಪಂಚಾಂಗವನ್ನು ಸಡಿಲಿಸುವ ದಾರಿಗಳು ಕೇರಳದ ಆಡಳಿತಕ್ಕೆ ಅಪರಿಚಿತವಲ್ಲ. ತಮಿಳುನಾಡಿನ ಗಡಿಗೆ ತಾಗಿದ ಆರು ಜಿಲ್ಲೆಗಳಿಗೆ ಪೊಂಗಲ್ ಹಬ್ಬದಂದು ಪ್ರಾದೇಶಿಕ ರಜೆ ಕೊಡುವ ಕ್ರಮ ಅಲ್ಲಿದೆ; ಭಾಷಾ ಅಲ್ಪಸಂಖ್ಯಾತರ ಹಬ್ಬಕ್ಕೆ ಸಂದ ಮನ್ನಣೆಯದು. ಇನ್ನೂ ಹಳೆಯ ಉದಾಹರಣೆ ಬೇಕಿದ್ದರೆ ಪದ್ಮನಾಭಪುರವಿದೆ. ತಿರುವಾಂಕೂರಿನ ಹಳೆಯ ರಾಜಧಾನಿಯಾದ ಅದು 1956ರ ಅದೇ ನವೆಂಬರ್ 1ರಂದು ಮದರಾಸು ರಾಜ್ಯಕ್ಕೆ ಹೋಯಿತು. ಆದರೂ ಪ್ರತಿ ನವರಾತ್ರಿಗೆ ಅಲ್ಲಿನ ಸರಸ್ವತಿಯ ವಿಗ್ರಹ ಕಳಿಯಿಕ್ಕಾವಿಳೆಯಲ್ಲಿ ಗಡಿ ದಾಟಿ, ಎರಡು ರಾಜ್ಯಗಳ ಪೊಲೀಸರ ಗೌರವದೊಡನೆ ತಿರುವನಂತಪುರಕ್ಕೆ ಬರುತ್ತದೆ. ಅದರ ಸನ್ನಿಧಿಯಲ್ಲಿ, ನವರಾತ್ರಿ ಮಂಟಪದಲ್ಲಿ, ಒಂಬತ್ತು ಸಂಜೆ ಸ್ವಾತಿ ತಿರುನಾಳರ ನವರಾತ್ರಿ ಕೃತಿಗಳನ್ನು ಹಾಡಲಾಗುತ್ತದೆ. ಕೇರಳದ ದಕ್ಷಿಣದ ತುದಿಯಲ್ಲಿ 1956ರ ಗಡಿ ನವರಾತ್ರಿಯ ಸಂಗೀತಕ್ಕೆ ಹೀಗೆ ವರ್ಷವರ್ಷವೂ ತೆರೆದುಕೊಳ್ಳುತ್ತದೆ. ಉತ್ತರದ ತುದಿಯ ಜಾಲ್ಸೂರು ಹಾದಿಯಲ್ಲಿ ನವರಾತ್ರಿಗೆ ದಾಟುವವರು ಜನರು ಮಾತ್ರ, ತಮ್ಮ ಖರ್ಚಿನಲ್ಲಿ, ಸಿಕ್ಕ ಬಸ್ಸಿನಲ್ಲಿ.

ಬಲಿಯ ವಿಷಯ ಬೇರೆಯಲ್ಲ. ಓಣಂ ಹಬ್ಬಕ್ಕೆ ಬರುವ ಮಾವೇಲಿಯನ್ನು ದೇಲಂಪಾಡಿಯ ಶಾಲೆ ಹೂವಿನ ರಂಗೋಲಿಯಿಟ್ಟು, ಹತ್ತು ದಿನಗಳ ರಜೆ ಕೊಟ್ಟು ಸ್ವಾಗತಿಸುತ್ತದೆ. ತುಳುವರ ಬಲಿಯೇಂದ್ರ ಬರುವುದು ದೀಪಾವಳಿಗೆ. ಗದ್ದೆಯ ಹುಣಿಯಲ್ಲಿ ದೀಪವಿಟ್ಟು ಕೂ ಹೊಡೆದು ಅವನನ್ನು ಕರೆಯುತ್ತಾರೆ. ಕರ್ನಾಟಕದಲ್ಲಿ ಬಲಿಪಾಡ್ಯಮಿ ಸಾರ್ವಜನಿಕ ರಜೆ. ಕೇರಳದ ಪಟ್ಟಿಯಲ್ಲಿ ದೀಪಾವಳಿಗೆ ಇರುವುದು ಒಂದೇ ದಿನ, ಮತ್ತು ಅದು ಬಲಿಪಾಡ್ಯಮಿಯ ದಿನವಲ್ಲ. ಆದುದರಿಂದ ಒಬ್ಬನೇ ಬಲಿ ಈ ಊರಿಗೆ ವರ್ಷಕ್ಕೆರಡು ಬಾರಿ ಬರುತ್ತಾನೆ: ಒಮ್ಮೆ ರಜೆಯಲ್ಲಿ, ಇನ್ನೊಮ್ಮೆ ಮಕ್ಕಳು ಶಾಲೆಯಿಂದ ಮರಳಿದ ಮೇಲಿನ ಸಂಜೆಯಲ್ಲಿ.